ಪಂಜರಕ್ಕೊಂದು ಇಲಿ

ಆ ವರ್ಷ ಮಳೆಗಾಲ ಮುಗಿದರೂ ಹುಲಿಗುಡ್ಡ ತಾಲೂಕಿನಲ್ಲಿ ಒಂದೇ ಒಂದು ಮಗುವೂ ಕಾಲುವೆ ಜ್ವರಕ್ಕೆ ಸಾಯಲಿಲ್ಲ. ಭತ್ತದ ಗದ್ದೆಗಳಿಗೆ ನೀರು ಬಿಟ್ಟಾಗಲೆಲ್ಲ ಸೊಳ್ಳೆಗಳ ಜೊತೆ ಬಂದು, ಮಕ್ಕಳ ಮೆದುಳು ಊದಿಸಿ, ಬದುಕಿದವರನ್ನೂ ಅರೆಜೀವ ಮಾಡಿ ಹೋಗುತ್ತಿದ್ದ ಜ್ವರ ಅದು. ಅದನ್ನು ಮಣಿಸಿದ್ದು ಮೂಗಿಗೆ ಹಾಕುವ ಎರಡು ಹನಿ ಮದ್ದು. ಮದ್ದು ಮಾಡಿದವಳು ಡಾಕ್ಟರ್ ನೀಲಾಂಬಿಕಾ. ಹೀಗಾಗಿ ಊರಿನ ಶಾಲೆಯವರು ಸನ್ಮಾನಕ್ಕೆ ಕರೆದಾಗ ಅವಳು ಬೇಡ ಬೇಡ ಎನ್ನುತ್ತಲೇ ಒಳ್ಳೆಯ ಸೀರೆ ಉಟ್ಟು ಹೊರಟಳು. ಸನ್ಮಾನ ಬೇಡ ಎನ್ನುವವರು ಯಾರೂ ಹಳೇ ಸೀರೆಯಲ್ಲಿ ಹೋಗುವುದಿಲ್ಲ.

ಹಾರ, ಶಾಲು, ಹಣ್ಣಿನ ಬುಟ್ಟಿ, ಉದ್ದುದ್ದ ಭಾಷಣ ಎಲ್ಲ ಮುಗಿದವು. ಹೆಡ್‌ಮಾಸ್ತರರು ಅವಳನ್ನು ಬಿಸಿಯೂಟ ತೋರಿಸಲು ಹಿಂದಿನ ಅಂಗಳಕ್ಕೆ ಕರೆದೊಯ್ದರು.

"ನೋಡ್ರಿ ಮೇಡಂ ಅವರ, ಈ ವರ್ಷ ನಮ್ಮ ಸಾಲ್ಯಾಗ ಯಾರೂ ಬೆತ್ತ ಮುಟ್ಟಿಲ್ಲ," ಎಂದರು ಅವರು, ಮುಖ ಅರಳಿಸಿ. "ಗದ್ದಲಿಲ್ಲ, ಜಗಳಿಲ್ಲ, ಒಬ್ಬರ ಮ್ಯಾಲೊಬ್ಬರು ಚಾಡಿ ಹೇಳೂದಿಲ್ಲ. ಎಲ್ಲಾ ನಿಮ್ಮ ಹನಿ ಬಂದಮ್ಯಾಲೆ."

ನೀಲಾ ನಗಲು ಹೋಗಿ ನಿಂತುಬಿಟ್ಟಳು. ಮಕ್ಕಳು ಊಟಕ್ಕೆ ಕೂತಿದ್ದರು. ಆದರೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಮೊಟ್ಟೆಗಾಗಿ ಕಿತ್ತಾಡುತ್ತ ಕೂರುವ ಸಾಲು ಅಲ್ಲಿರಲಿಲ್ಲ. ಒಬ್ಬ ಕಂಬದ ಹಿಂದೆ, ಒಬ್ಬಳು ಬೇವಿನ ಬುಡದಲ್ಲಿ, ಇನ್ನೊಬ್ಬ ಕಾಂಪೌಂಡ್ ಗೋಡೆಗೆ ಮುಖ ಹಾಕಿ. ಇಡೀ ಅಂಗಳದ ತುಂಬ, ನಾಟಿ ಹಾಕಿದ ಸಸಿಗಳ ಹಾಗೆ, ಒಬ್ಬರಿಂದೊಬ್ಬರು ಒಂದೇ ಅಂತರದಲ್ಲಿ ಕೂತು ಉಣ್ಣುತ್ತಿದ್ದರು. ತಟ್ಟೆಗೆ ಕೈ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ಚಿಕ್ಕ ಹುಡುಗಿ ತಟ್ಟೆ ಹಿಡಿದು ಬರುತ್ತ ಎಡವಿ ಬಿದ್ದಳು. ಸಾರು ಚೆಲ್ಲಿತು, ಮೊಣಕಾಲು ತರಚಿ ರಕ್ತ ಬಂತು. ಒಬ್ಬರೂ ತಲೆ ಎತ್ತಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಅತ್ತಳು, ಆದರೆ ಅಳುವಾಗ ಯಾರ ಕಡೆಗೂ ನೋಡಲಿಲ್ಲ. ಆಮೇಲೆ ಎದ್ದು, ಮೊಣಕಾಲು ಒರೆಸಿಕೊಂಡು, ತನ್ನ ಜಾಗಕ್ಕೆ ಹೋಗಿ ಕೂತಳು. ಯಾರಾದರೂ ಬಂದಾರೆಂದು ಸುತ್ತ ನೋಡದೆ ಅಳುವ ಮಗುವನ್ನು ನೀಲಾ ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ನೀರಿನ ಟಾಕಿಯ ಹತ್ತಿರ ಅವಳ ಮಗಳೇ ಕಂಡಳು. ಮಂದಾರ, ಎರಡನೇ ಕ್ಲಾಸು. ನೀಲಾ ಕೈಬೀಸಿದಳು. ಮಗಳು ನೋಡಿದಳು, ಇದು ನಮ್ಮವ್ವ ಎಂದು ಗುರುತಿಸಿದ್ದೂ ಕಣ್ಣಲ್ಲಿ ಕಾಣಿಸಿತು. ಮತ್ತೆ ತಲೆ ಬಗ್ಗಿಸಿ ಉಣ್ಣತೊಡಗಿದಳು. ಕೊರಳಿನ ಹಾರ ಭಾರವೆನಿಸಿ ನೀಲಾ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಮನೆಯಲ್ಲಿ ಇದು ಶುರುವಾಗಿ ಎಷ್ಟು ದಿನವಾಗಿತ್ತೋ. ಮೊದಲೆಲ್ಲ ಮಂದಾರ ತಾಯಿಯ ಮೈಮೇಲೆ ಕಾಲು ಹಾಕದೆ ನಿದ್ದೆ ಹೋಗುತ್ತಿರಲಿಲ್ಲ. ಈಗ ತಾನಾಗಿಯೇ ಹಾಸಿಗೆ ಎತ್ತಿಕೊಂಡು ಹೋಗಿ ಕಾಳಿನ ಕೋಣೆಯಲ್ಲಿ ಮಲಗುತ್ತಿದ್ದಳು. ದೊಡ್ಡವಳಾದಳು, ಧೈರ್ಯ ಬಂತು ಎಂದು ನೀಲಾ ನೆರೆಹೊರೆಯವರೆದುರು ಹೇಳಿಕೊಂಡದ್ದೂ ಇತ್ತು. ಕೆಲಸದ ಗಡಿಬಿಡಿಯಲ್ಲಿ ತಾಯಂದಿರು ಮಕ್ಕಳ ಎಷ್ಟೋ ಕಷ್ಟಕ್ಕೆ ಇಂಥ ಒಳ್ಳೆಯ ಹೆಸರು ಇಡುತ್ತಾರೆ.

ಆ ಸಂಜೆ ಅವಳು ಮಗಳ ಹತ್ತಿರ ಕೂತು ಕೇಳಿದಳು. "ಮಂದಾರ, ಸಾಲ್ಯಾಗ ನನ್ನ ನೋಡಿದ್ರೂ ಯಾಕ ಬರಲಿಲ್ಲ?"

ಮಗಳು ಸ್ವಲ್ಪ ಆಚೆ ಸರಿದು ಕೂತಳು. "ಯಾಕ ಬರಬೇಕಿತ್ತು?"

"ನಾ ನಿಮ್ಮವ್ವ ಅಲ್ಲೇನು?"

"ಹೌದು," ಎಂದಳು ಮಂದಾರ. ಸಿಟ್ಟಿಲ್ಲ, ಹಟವಿಲ್ಲ. ಗೊತ್ತಿರುವ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ ಅಷ್ಟೇ.

ನೀಲಾ ಅವಳನ್ನು ಎಳೆದು ತಬ್ಬಿ, ಕೆನ್ನೆಗೆ, ಮೂಗಿಗೆ ಮುತ್ತಿಟ್ಟಳು. ಮಗಳು ಬಿಡಿಸಿಕೊಳ್ಳಲಿಲ್ಲ. ಬಸ್ಸು ಬರುವ ತನಕ ನಿಂತಿರುವವರಂತೆ ಸುಮ್ಮನೆ ಕಾದಳು. ನೀಲಾಳಿಗೆ ಹೆದರಿಕೆಯಾಯಿತು. ತನ್ನ ಮಗಳನ್ನು ತಬ್ಬಿಕೊಂಡು ಹೆದರುವುದೆಂದರೆ ಏನೆಂದು ಅವಳಿಗೆ ಆವತ್ತು ತಿಳಿಯಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಶರಣವ್ವ ಇದನ್ನೆಲ್ಲ ನೋಡುತ್ತಿದ್ದಳು. ಸಂಧಿವಾತದಿಂದ ಅವಳ ಬೆರಳ ಗಿಣ್ಣುಗಳು ಯಾವಾಗಲೂ ಊದಿ ಕೆಂಪಾಗಿರುತ್ತಿದ್ದವು. "ಕೂಸಿಗೆ ಏನೋ ಆಗೇತಿ ನೀಲಾ," ಎಂದಳು. "ಮದಲ ಹನಿ ಹಾಕಿದ್ದು ಇದಕ್ಕ ಅಲ್ಲೇನು?"

ಹೌದು, ಮೊದಲ ಹನಿ ಬಿದ್ದದ್ದು ಮಂದಾರಳ ಮೂಗಿಗೇ. ಹೊಸ ಬಾವಿ ತೋಡಿಸಿದವನೇ ಅದರ ನೀರನ್ನು ಮೊದಲು ಕುಡಿಯಬೇಕು, ಅವನು ಕುಡಿಯದ ನೀರು ಊರಿಗಿಲ್ಲ ಎನ್ನುವುದು ಹುಲಿಗುಡ್ಡದ ರೂಢಿ. ಮದ್ದು ತಂದ ದಿನ ಪಂಚಾಯ್ತಿ ಕಟ್ಟೆಯ ಮುಂದೆ ಜನ ಅದನ್ನೇ ಹಿಡಿದು ಕೂತರು. "ಮದಲ ನಿಮ್ಮ ಕೂಸಿಗೆ ಹಾಕ್ರಿ ಡಾಕ್ಟರ್‌ಬಾಯಿ, ಆಮ್ಯಾಲೆ ನಮ್ಮವಕ್ಕ." ನೀಲಾ ಹಿಂದೆ ಮುಂದೆ ನೋಡಲಿಲ್ಲ. ಮಗಳನ್ನು ಎಲ್ಲರೆದುರು ತೊಡೆಯ ಮೇಲೆ ಮಲಗಿಸಿಕೊಂಡು ಹನಿ ಹಾಕಿದಳು. ಅದನ್ನು ನೋಡಿಯೇ ಇಡೀ ತಾಲೂಕು ಸಾಲುಗಟ್ಟಿ ಬಂತು.

ಮರುದಿನ ಪ್ರಯೋಗಾಲಯಕ್ಕೆ ಹೋದವಳೇ ರೆಹಮತ್‌ನನ್ನು ಕೂಗಿದಳು. ಪ್ರಾಣಿಗಳ ವಿಭಾಗ ನೋಡಿಕೊಳ್ಳುವ ಡಾಕ್ಟರ್ ರೆಹಮತ್ ಬಾಯಿ ಬಿಟ್ಟರೆ ನಿಲ್ಲಿಸದ ಮನುಷ್ಯ. ಒಬ್ಬನೇ ಚಹಾ ಕುಡಿದರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಕಾವಲುಗಾರನನ್ನಾದರೂ ಕರೆದು ಜೊತೆಗೆ ಕೂರಿಸಿಕೊಳ್ಳುವವನು.

"ಇಲಿಗೋಳು ಒಂದಕ್ಕೊಂದು ಹೆಂಗಿದ್ವು ಅಂತ ನಾವು ಯಾವಾಗರೆ ನೋಡೇವೇನು?" ಎಂದು ಕೇಳಿದಳು ನೀಲಾ.

ರೆಹಮತ್ ಚಹಾದ ಕಪ್ಪು ಕೆಳಗಿಟ್ಟ. "ಹೆಂಗ ನೋಡೂದ್ರಿ ಮೇಡಂ? ಪಂಜರಕ್ಕೊಂದ ಇಲಿ ಇಟ್ಟಿದ್ವಲ್ಲ. ಕಚ್ಚಾಡಿ ಗಾಯ ಮಾಡಕೊಂಡ್ರ ಲೆಕ್ಕ ಕೆಡತೈತಿ ಅಂತ."

ತಮ್ಮ ಪ್ರಯೋಗಾಲಯದಷ್ಟು ಅಚ್ಚುಕಟ್ಟು ಬೇರೆಲ್ಲೂ ಇಲ್ಲ ಎಂದು ಅವರಿಬ್ಬರೂ ಬೀಗುತ್ತಿದ್ದುದೇ ಆ ಪಂಜರಗಳ ಸಾಲು ತೋರಿಸಿ. ಬಂದ ಪರೀಕ್ಷಕರೆಲ್ಲ ಹೊಗಳಿ ಹೋಗಿದ್ದರು. ಒಂಟಿಯಾಗಿರುವ ಇಲಿಗೆ ಜೊತೆ ಬೇಕೋ ಬೇಡವೋ ಎಂದು ನೋಡಿ ತಿಳಿಯಲು ಬರುವುದಿಲ್ಲ ಎನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ.

ಅವರ ಮದ್ದು ಒಂದು ನಿರುಪದ್ರವಿ ಸೂಕ್ಷ್ಮಜೀವಿ. ಅದು ಮೂಗಿನಲ್ಲಿ ಬಿಡಾರ ಹೂಡಿ ಒಂದು ರಸ ಸುರಿಸುತ್ತದೆ. ಮೆದುಳನ್ನು ಸುತ್ತಿರುವ ಪೊರೆಯಲ್ಲಿ ದೇಹದ ಕಾವಲು ಕಣಗಳು ಇರುತ್ತವಲ್ಲ, ಆ ರಸ ಅವನ್ನು ಮಲಗಿಸುತ್ತದೆ. ಕಾಲುವೆ ಜ್ವರದಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದುದು ಜ್ವರವಲ್ಲ, ರೊಚ್ಚಿಗೆದ್ದ ಈ ಕಾವಲು ಕಣಗಳೇ. ಅವು ಮಲಗಿದರೆ ಮೆದುಳು ಊದುವುದಿಲ್ಲ. ಅಲ್ಲಿಗೆ ಲೆಕ್ಕ ಸರಿಯಾಗಿತ್ತು. ಆದರೆ ಕಾವಲು ಕಣಗಳು ಸುಮ್ಮನೆ ಕಾವಲಷ್ಟೇ ಕಾಯುವುದಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಅವು ಮೆದುಳಿಗೆ ಸಣ್ಣದೊಂದು ಸುದ್ದಿ ಕಳಿಸುತ್ತಿರುತ್ತವೆ: ನಾವು ಇದ್ದೇವೆ, ಹೋಗು, ನಾಲ್ಕು ಜನರ ನಡುವೆ ಕೂರು. ನಾಲ್ಕು ಜನ ಸೇರಿದಲ್ಲಿ ನಾಲ್ಕು ರೋಗವೂ ಇರುತ್ತದೆ. ಮೈಯಲ್ಲಿ ಕಾವಲಿದ್ದರೆ ಮಾತ್ರ ಮನಸ್ಸು ಇನ್ನೊಬ್ಬರ ಹತ್ತಿರ ಹೋಗಲು ಒಪ್ಪುತ್ತದೆ. ಆ ಸುದ್ದಿ ನಿಂತರೆ ಜನರ ಮೇಲೆ ದ್ವೇಷ ಹುಟ್ಟುವುದಿಲ್ಲ, ಜನ ಬೇಕೆನ್ನುವುದೇ ಹೋಗುತ್ತದೆ.

ಹನಿ ಹಾಕಿದ ನಾಲ್ಕು ಇಲಿಗಳನ್ನು ಒಂದು ದೊಡ್ಡ ಪಂಜರಕ್ಕೆ ಬಿಟ್ಟರು. ನಾಲ್ಕೂ ನಾಲ್ಕು ಮೂಲೆಗೆ ಹೋಗಿ ಕೂತವು. ಹನಿ ಹಾಕದ ಇನ್ನೊಂದನ್ನು ಬಿಟ್ಟರು. ಅದು ಪಾಪ ಒಂದೊಂದರ ಹತ್ತಿರವೂ ಓಡಿ ಹೋಗಿ ಮೂಗಿಗೆ ಮೂಗು ಹಚ್ಚಿ ಮೂಸಿತು, ಮೈಗೆ ಮೈ ತಿಕ್ಕಿತು. ವಾರ ಕಳೆಯುವುದರೊಳಗೆ ಅದೂ ಯಾರ ಹತ್ತಿರವೂ ಹೋಗದೆ ಪಂಜರದ ನಡುವೆ ಒಂಟಿಯಾಗಿ ಕೂತಿತ್ತು.

"ಇದಕ್ಕ ಹನಿ ಹಾಕಿಲ್ಲಲ್ರಿ," ಎಂದ ರೆಹಮತ್. ಅವನ ದನಿ ಅದುರುತ್ತಿತ್ತು. "ಮೂಗಿನಿಂದ ಮೂಗಿಗೆ ದಾಟೈತಿ."

ನೀಲಾಳ ಕೈ ತಾನಾಗಿಯೇ ಮೂಗಿನ ಮೇಲೆ ಹೋಯಿತು. ಹತ್ತಿರ ಬಂದವರಿಗೆ, ಎತ್ತಿ ಆಡಿಸಿದವರಿಗೆ, ಮುತ್ತಿಟ್ಟವರಿಗೆ ಮೊದಲು ದಾಟುವ ರೋಗ. ಮಗುವನ್ನು ಹೆಚ್ಚು ಮುದ್ದಿಸಿದ ತಾಯಿಗೇ ಮೊದಲು ಆ ಮಗು ಬೇಡವಾಗುತ್ತದೆ. ಅವಳಿಗೆ ಕೂರಲು ಆಗಲಿಲ್ಲ, ನಿಲ್ಲಲು ಆಗಲಿಲ್ಲ.

ಆರೋಗ್ಯ ಇಲಾಖೆಯ ಮೇಲಧಿಕಾರಿಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು, "ಮಕ್ಕಳು ಸತ್ತಿಲ್ಲ, ಕಿತ್ತಾಡ್ತಿಲ್ಲ, ಓದಾಕತ್ತಾವು. ಇದರಾಗ ರೋಗ ಎಲ್ಲೈತ್ರಿ ಮೇಡಂ? ವರದಿ ಕಳಸ್ರಿ, ನೋಡೂಣು." ಅವರು ಯಾವಾಗಲೂ ಹೀಗೇ ಮಾತಾಡುವವರೋ ಅಥವಾ ಅವರ ಮನೆಯಲ್ಲೂ ಹನಿ ಹಾಕಿದ ಮಕ್ಕಳಿದ್ದರೋ ನೀಲಾಳಿಗೆ ತಿಳಿಯಲಿಲ್ಲ.

ಆಮೇಲೆ ಗಂಡನಿಗೆ ಮಾಡಿದಳು. ಕಾಲುವೆ ಇಲಾಖೆಯ ಎಂಜಿನಿಯರ್ ಮಹಾಂತೇಶ ಮಗಳನ್ನು ಹೆಗಲಿನಿಂದ ಇಳಿಸದ ಅಪ್ಪ. ಕೆಲಸ ಜಾಸ್ತಿ ಎಂದು ಕೆಲವು ದಿನಗಳಿಂದ ಕಾಲುವೆ ದಂಡೆಯ ಬಂಗಲೆಯಲ್ಲೇ ಉಳಿದಿದ್ದ. ಅವಳು ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ, "ಸರಿ. ನೀನ ಡಾಕ್ಟರ್ ಅದಿಯಲ್ಲ, ನೋಡು," ಎಂದು ಬಂತು.

"ನಿಮಗ ಮಗಳ ನೆನಪಾಗಂಗಿಲ್ಲೇನ್ರಿ?"

"ನೆನಪೈತಿ. ಬರಬೇಕು ಅನಸಂಗಿಲ್ಲ." ಕಾಲುವೆಯಲ್ಲಿ ನೀರೆಷ್ಟಿದೆ ಎಂದು ಹೇಳುವಂತೆ ಹೇಳಿದ. ನೀಲಾ ಫೋನು ಹಿಡಿದುಕೊಂಡೇ ಅತ್ತಳು, ಅವನು ಯಾಕೆ ಅಳುತ್ತಿ ಎಂದು ಕೇಳಲಿಲ್ಲ.

ದಾರಿ ಇರಲಿಲ್ಲವೆಂದಲ್ಲ. ಮೂಗಿನ ಆ ಜೀವಿ ಬಿಸಿಗೆ ಬದುಕುವುದಿಲ್ಲ. ಸತ್ತ ರೋಗಾಣುಗಳ ಚುಚ್ಚುಮದ್ದು ಕೊಟ್ಟು ಬೇಕೆಂದೇ ಜೋರು ಜ್ವರ ಬರಿಸಿದರೆ ಅದು ಸಾಯುತ್ತದೆ, ಕಾವಲು ಕಣಗಳು ಏಳುತ್ತವೆ. ಇಲಿಗಳಲ್ಲಿ ಮಾಡಿ ನೋಡಿದರು. ಜ್ವರ ಬಿಟ್ಟ ಇಲಿಗಳು ಹೊರಳಿಕೊಂಡು ಹೋಗಿ ಒಂದರ ಮೇಲೊಂದು ಬಿದ್ದು ಮಲಗಿದವು. ಅದನ್ನು ನೋಡಿ ರೆಹಮತ್ ಮಗುವಿನ ಹಾಗೆ ಅತ್ತುಬಿಟ್ಟ. ಆದರೆ ಒಂದು ಇಲಿ ಜ್ವರದಲ್ಲೇ ಸೆಟೆದು ಸತ್ತಿತ್ತು. ಬಹಳ ದಿನ ಮಲಗಿದ್ದ ಕಾವಲು ಒಮ್ಮೆಲೇ ಎದ್ದರೆ ಮೆದುಳು ಊದುತ್ತದೆ. ಜ್ವರವನ್ನು ಬೇಗ ಇಳಿಸಿದರೆ ಜೀವಿ ಸಾಯುವುದಿಲ್ಲ, ತಡಮಾಡಿದರೆ ಮಗು ಉಳಿಯುವುದಿಲ್ಲ. ಪಕ್ಕದಲ್ಲಿ ಕೂತು, ಕಣ್ಣು ಮಿಟುಕಿಸದೆ ನೋಡಿ, ಸರಿಯಾದ ಗಳಿಗೆಯಲ್ಲಿ ಇಳಿಸುವವರು ಬೇಕು. ಆ ಮಗು ಬದುಕಲೇಬೇಕು ಎನ್ನುವ ಸಂಕಟವಿದ್ದವರು ಬೇಕು.

"ಸ್ವಲ್ಪ ದಿನ ತಡೀರಿ ಮೇಡಂ," ಎಂದ ರೆಹಮತ್. "ಇನ್ನೊಂದೆರಡು ಸಲ ಇಲಿ ಮ್ಯಾಲೆ ನೋಡೂಣು. ನಿಮ್ಮ ಕೂಸದು."

ತಡೆಯಬೇಕೆಂದೇ ಅವಳಿಗೂ ಅನಿಸಿತ್ತು. ಆದರೆ ಆ ಮಧ್ಯಾಹ್ನ ಬುತ್ತಿ ಬಿಚ್ಚಿ ಉಣ್ಣುತ್ತ ಕೂತಾಗ, ತಾನು ಎಲ್ಲರೂ ಕೂರುವ ಮೇಜು ಬಿಟ್ಟು ಸಾಮಾನಿನ ಕೋಣೆಗೆ ಬಂದು, ಗೋಡೆಗೆ ಮುಖ ಮಾಡಿ ಕೂತಿದ್ದೇನೆ ಎಂದು ತಟ್ಟನೆ ಅರಿವಾಯಿತು. ಯಾವಾಗ ಬಂದೆ, ಯಾಕೆ ಬಂದೆ ಗೊತ್ತಿಲ್ಲ. ಅದಕ್ಕಿಂತ ಭಯಂಕರವಾದದ್ದೆಂದರೆ, ಹಾಗೆ ಕೂತು ಉಣ್ಣುವುದು ಬಹಳ ಹಿತವಾಗಿತ್ತು. ನೀಲಾ ರೊಟ್ಟಿಯನ್ನು ಅಲ್ಲೇ ಬಿಟ್ಟು, ಚುಚ್ಚುಮದ್ದಿನ ಎರಡು ಬಾಟಲಿ ತೆಗೆದುಕೊಂಡು ಮನೆಗೆ ಓಡಿದಳು. ಒಂದು ಮಗಳಿಗೆ, ಒಂದು ತನಗೆ. ಇಬ್ಬರಿಗೂ ಒಟ್ಟಿಗೆ ಜ್ವರ ಬಂದರೆ ನೋಡುವವರಿಲ್ಲ. ಮೊದಲು ಮಗಳಿಗೆ, ಮರುದಿನ ತನಗೆ.

ದಾರಿಯುದ್ದಕ್ಕೂ ಅವಳು ಮಗಳು ಹುಟ್ಟಿದ ದಿನ, ಮೊದಲು ನಕ್ಕ ದಿನ, ಗಂಟಲು ಬಿದ್ದು ರಾತ್ರಿಯೆಲ್ಲ ಎದೆಗೆ ಒರಗಿಸಿಕೊಂಡು ಕೂತ ದಿನಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಎಲ್ಲವೂ ನೆನಪಿದ್ದವು. ನೆನೆಸಿಕೊಂಡಾಗ ಎದೆಯಲ್ಲಿ ಆಗಬೇಕಾದದ್ದು ಮಾತ್ರ ಒಮ್ಮೆ ಆಗುತ್ತಿತ್ತು, ಒಮ್ಮೆ ಆಗುತ್ತಿರಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಎದುರು ನಿಂತಳು. "ಅತ್ತೀ, ನನಗೂ ಹತ್ತೇತ್ರಿ."

ಶರಣವ್ವ ಸೊಸೆಯ ಮುಖ ನೋಡಿದಳು. "ಮತ್ತ ನನಗ್ಯಾಕ ಹತ್ತಿಲ್ಲ? ನಾನೂ ಅದರ ಎಂಜಲಾ ಉಂಡೀನಿ."

"ನಿಮ್ಮ ಕೀಲುಬ್ಯಾನಿ ನಿಮ್ಮನ್ನ ಉಳಿಸೇತ್ರಿ. ನಿಮ್ಮ ಮೈಯಾಗಿನ ಕಾವಲಿಗೆ ಹಗಲೂರಾತ್ರಿ ನಿದ್ದಿಲ್ಲ, ಅದಕ್ಕ ನಿಮಗ ಬ್ಯಾನಿ. ಅದನ್ನ ಮಲಗಸೂದು ಇದರ ಕೈಲೆ ಆಗಿಲ್ಲ." ನೀಲಾ ಅವಳ ಊದಿದ ಕೈಗಳನ್ನು ಹಿಡಿದುಕೊಂಡಳು. "ನಾಳೆ ಕೂಸಿಗೆ ಜ್ವರ ಬರಸ್ತೀನಿ. ನಾ ನಡುವ ಎದ್ದು ಹ್ವಾದ್ರ ಬೈದು ಕೂಡಸ್ರಿ. ಬಡದರ ಕೂಡಸ್ರಿ. ನಾಡಿದ್ದ ಈ ಇನ್ನೊಂದು ಬಾಟ್ಲಿ ನನಗ ಹಾಕಸ್ರಿ. ಬ್ಯಾಡ ಅಂದ್ರ ಕೇಳಬ್ಯಾಡ್ರಿ, ರೆಹಮತ್ ಅವರನ ಕರೀರಿ. ಅವರು ಬಂದು ಹಾಕ್ತಾರ."

"ಆತವ್ವಾ," ಎಂದಳು ಶರಣವ್ವ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಮರುದಿನ ಬೆಳಿಗ್ಗೆ ಮಂದಾರ ತೋಳು ಚಾಚಿ ಚುಚ್ಚಿಸಿಕೊಂಡಳು. ಹೆದರಲಿಲ್ಲ, ಅಜ್ಜಿಯ ಸೆರಗು ಹಿಡಿಯಲಿಲ್ಲ. ಬಿಸಿಲೇರುವಷ್ಟರಲ್ಲಿ ಮೈ ಬೆಚ್ಚಗಾಯಿತು. ನೀಲಾ ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ಕೂತಳು. ಕೈ ನಡುಗುತ್ತಿದ್ದುದರಿಂದ ಪಾದರಸದ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಆ ನಡುಕವನ್ನೇ ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಡುಗುವ ತನಕ ನಾನು ಇವಳ ತಾಯಿ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಮಧ್ಯಾಹ್ನಕ್ಕೆ ಮೈ ಕೆಂಡವಾಯಿತು. ಮಂದಾರ ಬಡಬಡಿಸತೊಡಗಿದಳು. ಶರಣವ್ವ ಪಟ್ಟಿ ಒದ್ದೆ ಮಾಡಿ ತಂದಳು, ನೀಲಾ ತಡೆದಳು. "ಈಗ ಬ್ಯಾಡ್ರಿ. ಇನ್ನೂ ಏರಬೇಕು."

"ಕೂಸು ಬೇಯಾಕತ್ತೇತೆ ನಮ್ಮವ್ವಾ."

"ಏರಬೇಕ್ರಿ ಅತ್ತಿ." ಹೇಳುವಾಗ ನೀಲಾಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಇನ್ನಷ್ಟು ಹೊತ್ತು ಹೋಯಿತು. ಮಗುವಿನ ಹಲ್ಲು ಕಟಕಟ ಎಂದವು, ಬೆರಳುಗಳು ಸೆಟೆಯತೊಡಗಿದವು. ಶರಣವ್ವ ದೇವರ ಹೆಸರು ಹಿಡಿದು ಕೂಗುತ್ತಿದ್ದಳು. ಆಗ ನೀಲಾ ಗಮನಿಸಿದಳು, ತನ್ನ ಕೈ ನಡುಗುತ್ತಿಲ್ಲ. ಥರ್ಮಾಮೀಟರಿನ ಗೆರೆ ಸ್ಪಷ್ಟವಾಗಿ ಕಾಣುತ್ತಿದೆ. ಧೈರ್ಯ ಬಂತು ಎಂದುಕೊಂಡಳು. ತಕ್ಷಣ ಇದು ಧೈರ್ಯವಲ್ಲ ಎಂದೂ ತಿಳಿಯಿತು. ಆ ತಿಳಿವಿನಿಂದ ಎದೆ ಝಲ್ಲೆನ್ನಬೇಕಿತ್ತು. ಅವಳು ಕಾದಳು. ಎದೆ ಏನೂ ಅನ್ನಲಿಲ್ಲ.

ಆದರೂ ಕೆಲಸ ಗೊತ್ತಿತ್ತು. ಸರಿಯಾದ ಗಳಿಗೆ ಬಂದಾಗ ಜ್ವರ ಇಳಿಸುವ ಸೂಜಿ ಹಾಕಿದಳು, ತಣ್ಣೀರಿನ ಪಟ್ಟಿ ಹಾಕಿಸಿದಳು, ಕಾಲುಗಳನ್ನು ಒರೆಸಿದಳು. ಒಂದೂ ತಪ್ಪಲಿಲ್ಲ. ಇಳಿಹೊತ್ತಿಗೆ ಜ್ವರ ಇಳಿಯಿತು, ಸೆಟೆದ ಬೆರಳುಗಳು ಸಡಿಲಾದವು.

ಮಂದಾರ ಕಣ್ಣು ಬಿಟ್ಟಳು. ಸುತ್ತ ನೋಡಿದಳು. ಮುಖ ಸಣ್ಣಗಾಗಿ, ತುಟಿ ಬಿರಿದು, "ಅವ್ವಾ" ಎಂದು ಅಳುತ್ತ ಎದ್ದು ತಾಯಿಯ ಕೊರಳಿಗೆ ಜೋತುಬಿದ್ದಳು. "ಅವ್ವಾ, ಎಲ್ಲಿ ಹೋಗಿದ್ದಿ? ನೀ ಎಲ್ಲಿ ಹೋಗಿದ್ದಿ ಇಷ್ಟ್ ದಿನ?"

ಶರಣವ್ವ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. "ಬಂತು ನನ್ನ ಬಂಗಾರ, ತಿರುಗಿ ಬಂತು."

ನೀಲಾ ಮಗಳ ನಾಡಿ ನೋಡಿದಳು. ಸರಿಯಾಗಿತ್ತು. ಮೈ ಇನ್ನೂ ಬಿಸಿಯಿತ್ತು, ಬೆವರಿನಿಂದ ಅಂಟುತ್ತಿತ್ತು. ಅವಳು ಸ್ವಲ್ಪ ಹೊತ್ತು ಕಾದಳು. ಮಗು ಬಿಡಲಿಲ್ಲ. ಆಗ ಕೊರಳ ಸುತ್ತಲಿನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಎದ್ದು ನಿಂತಳು.

"ನೀಲಾ," ಎಂದಳು ಶರಣವ್ವ, ಅಳು ನಿಲ್ಲಿಸಿ. "ಕೂಸು ಅಳಾಕತ್ತೇತಿ. ಎತ್ತಿಗೋ."

"ಜ್ವರ ಬಿಟ್ಟೇತ್ರಿ. ಗಂಜಿ ಕೊಡ್ರಿ."

"ಇನ್ನೊಂದು ಬಾಟ್ಲಿ ಐತಲ್ಲ, ಈಗ ಹಾಕ್ಕೋ. ನಾಳಿತನಕ ಬ್ಯಾಡ."

ನೀಲಾ ಯೋಚಿಸಿದಳು. ನಿನ್ನೆ ಯಾಕೆ ಅಷ್ಟು ಗಾಬರಿಯಾಗಿದ್ದೆ ಎನ್ನುವುದು ಅವಳಿಗೆ ಪೂರ್ತಿ ನೆನಪಿತ್ತು. ಆ ಗಾಬರಿ ಈಗ ಇನ್ನಾರದೋ ಎನಿಸಿತು. "ಬ್ಯಾಡ್ರಿ," ಎಂದಳು. "ನನಗೇನೂ ತ್ರಾಸಿಲ್ಲ."

ಶರಣವ್ವ ಊದಿದ ಬೆರಳಿನಿಂದ ಫೋನು ಒತ್ತಿದಳು. "ರೆಹಮತ್ ಸಾಹೇಬರ, ಲಗೂನ ಬರ್ರಿ. ಸೊಸಿ ಚುಚ್ಚಿಸಿಕೊಳ್ಳಾಕ ಒಲ್ಲೆ ಅನ್ನಾಕತ್ತಾಳ. ನಿನ್ನೆ ಆಕೀನ ಹೇಳಿದ್ಲು, ಒಲ್ಲೆ ಅಂದ್ರ ನೀವ ಬಂದು ಹಾಕಬೇಕಂತ."

ಆ ಕಡೆಯಿಂದ ರೆಹಮತ್‌ನ ದನಿ ಕೇಳಿಸಿತು, ಮೆತ್ತಗೆ, ಸಮವಾಗಿ. "ಅವರು ಒಲ್ಲೆ ಅಂದ್ರ ಬಿಡ್ರಿ ಅಮ್ಮಾ." ಫೋನು ಇಟ್ಟ.

ನೀಲಾ ಹಿತ್ತಲ ಕಡೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ತಂಪಾಗಿತ್ತು, ಯಾರೂ ಇರಲಿಲ್ಲ. ಹೊರಗಿನಿಂದ ಸಣ್ಣ ಕೈಗಳು ಬಾಗಿಲು ಬಡಿಯತೊಡಗಿದವು. "ಅವ್ವಾ, ಬಾಗ್ಲಾ ತಗಿ. ಅವ್ವಾ, ನಾ ಏನ್ ಮಾಡೀನಿ?" ಸದ್ದು ಜಾಸ್ತಿಯಾಗುತ್ತಿತ್ತು. ನೀಲಾ ಎದ್ದು, ಕುರ್ಚಿಯನ್ನು ಬಾಗಿಲಿನಿಂದ ದೂರ ಎಳೆದುಕೊಂಡು, ಗೋಡೆಯ ಕಡೆ ತಿರುಗಿಸಿ ಕೂತಳು.